ಸುಧೀರ್ ಸರ್ ಕೊಟ್ಟ ಕಾರಣ

ನನ್ನ ಅಂಕಪಟ್ಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಸುಧೀರ್ ಸರ್ ಒಂದೊಂದನ್ನೇ ಎತ್ತಿ, ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದರು. ಕುಂದಾಪುರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಅವರ ಆಫೀಸು. ವಿದೇಶಕ್ಕೆ ಓದಲು ಹೋಗುವವರಿಂದ ಅರ್ಜಿ ಹಾಕಿಸುವುದು ಅವರ ಕಸುಬು. ಗೋಡೆಯ ತುಂಬ ಹಿಮದಲ್ಲಿ ನಿಂತು ಹಲ್ಲು ಕಿರಿಯುವ ಹುಡುಗ ಹುಡುಗಿಯರ ಫೋಟೋಗಳು. ಅವರಲ್ಲಿ ಒಬ್ಬರಾದರೂ ಗಣಿತದಲ್ಲಿ ಫೇಲಾದವರಿದ್ದರೋ ಏನೋ, ಮುಖ ನೋಡಿ ಹೇಳುವಂತಿರಲಿಲ್ಲ.

“ಹನ್ನೊಂದ್ ಸಬ್ಜೆಕ್ಟ್ ಫೇಲ್ ಇತ್ತಲ್ದಾ ಮಾರಾಯ್ತಿ,” ಅಂದರು ಕೊನೆಗೆ.

“ಕಡಿಗೆ ಎಲ್ಲಾ ಪಾಸ್ ಮಾಡ್ಕಂಡಿದ್ದೆ ಸರ್.”

“ಪಾಸ್ ಆದ್ದ್ ಅವ್ರಿಗೆ ಬೇಡ. ಫೇಲ್ ಎಂತಕ್ ಆಯ್ತ್ ಅಂದೇಳಿ ಬೇಕ್.”

ಎಂತಕ್ಕೆ ಎಂದು ನನಗೆ ಗೊತ್ತಿದ್ದರೆ ಆಗಲೇ ಹೇಳುತ್ತಿದ್ದೆ. ನಾವುಂದದ ಕನ್ನಡ ಶಾಲೆಯಲ್ಲಿ ಓದಿ, ಜಾಣೆ ಎನಿಸಿಕೊಂಡು, ಬ್ರಹ್ಮಾವರದ ಆಚೆಯ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಸೇರಿದವಳು ನಾನು. ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬಂದ ವರ್ಷಗಳವು. ಈಗ ಮೀನು ಪ್ಯಾಕ್ ಮಾಡಿ ಹೊರದೇಶಕ್ಕೆ ಕಳಿಸುವ ಕಂಪನಿಯೊಂದರ ಲ್ಯಾಬಿನಲ್ಲಿದ್ದೇನೆ. ಮೀನು ಕೆಟ್ಟಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ನನ್ನ ಕೆಲಸ. ಆ ಕೆಲಸ ನನಗೆ ಇಷ್ಟ. ಅದನ್ನೇ ಸರಿಯಾಗಿ ಓದಬೇಕೆಂದು ಐರ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲು ಹೊರಟಿದ್ದೆ. ಬೇರೆ ಕಡೆಯವರೆಲ್ಲ ನನ್ನ ಅಂಕಪಟ್ಟಿ ಕಂಡು ಬಾಗಿಲು ಹಾಕಿಕೊಂಡಿದ್ದರು. ಇವರೊಬ್ಬರು ಮಾತ್ರ, ಕಾರಣ ಸರಿಯಿದ್ದರೆ ನೋಡೋಣ ಎಂದಿದ್ದರು. ಇದು ತಪ್ಪಿದರೆ ಮತ್ತೆ ಅದೇ ಐಸಿನ ಕೋಣೆ, ಅದೇ ಸಂಬಳ, ಕಲಿಯುವುದು ಅಲ್ಲಿಗೆ ಮುಗಿಯಿತು.

“ಟೈಫಾಯ್ಡ್ ಏನಾರೂ ಬಂದಿತ್ತಾ?”

“ಇಲ್ಲ ಸರ್.”

“ಆಕ್ಸಿಡೆಂಟ್?”

“ಇಲ್ಲ.”

“ಮನೆಯಗೆ ಯಾರಾರೂ ತೀರ್ಕಂಡಿದ್ರಾ?”

“ಅಜ್ಜ. ತೊಂಬತ್ತರ ಹತ್ರ ಆಗಿತ್ತ್.”

ಸುಧೀರ್ ಸರ್‌ಗೆ ಬೇಜಾರಾಯಿತು. ತೊಂಬತ್ತರ ಅಜ್ಜ ತೀರಿಕೊಂಡರೆ ಮೊಮ್ಮಗಳು ಹನ್ನೊಂದು ವಿಷಯದಲ್ಲಿ ಫೇಲಾಗುವುದಿಲ್ಲ, ಐರ್ಲೆಂಡಿನವರಿಗೂ ಅಷ್ಟು ಗೊತ್ತಿರುತ್ತದೆ. “ಅಪ್ಪಯ್ಯ ಎಂತ ಮಾಡ್ತ್ರ್?” ಎಂದು ಕೇಳಿದರು. ದೋಣಿಗೆ ಹೋಗುತ್ತಾರೆ ಎಂದೆ. ಅವರ ಮುಖ ಒಮ್ಮೆಲೇ ಅರಳಿತು. ಕಂಪ್ಯೂಟರಿನ ಕಡೆ ತಿರುಗಿ ಟೈಪ್ ಮಾಡತೊಡಗಿದರು. ನಾನು ಎಂಜಿನಿಯರಿಂಗಿನ ಮೊದಲ ವರ್ಷದಲ್ಲಿದ್ದಾಗ ನನ್ನ ಅಪ್ಪ ಸಮುದ್ರಕ್ಕೆ ಹೋದವರು ತಿರುಗಿ ಬರಲಿಲ್ಲ ಎಂದು ಇಂಗ್ಲಿಷಿನಲ್ಲಿ ಓದಿ ಹೇಳಿದರು. ಬರವಣಿಗೆ ಚೆನ್ನಾಗಿತ್ತು. ಅದಕ್ಕೇ ನನಗೆ ಮೈ ಉರಿಯಿತು.

“ಬೇಡ ಸರ್.”

“ಇದ್ ಸುಳ್ಳಲ್ಲ, ಫಾರ್ಮಾಲಿಟಿ. ಎಲ್ಲರೂ ಮಾಡ್ತ್ರ್. ಮನೆಯಗೆ ಕೇಂಡ್ಕಂಡ್ ಹೇಳ್, ನಾಳಿಗೆ ಕಡೇ ದಿನ.” ಕೆಟ್ಟ ಮನುಷ್ಯರೇನಲ್ಲ. ನನಗೆ ಚಹಾ ತರಿಸಿದ್ದರು, ಬನ್ನು ಕೂಡ.

ಮನೆಗೆ ಬಂದಾಗ ಅಪ್ಪಯ್ಯ ಜಗಲಿಯಲ್ಲಿ ಕೂತು ಹರಿದ ಬಲೆ ಸರಿ ಮಾಡುತ್ತಿದ್ದರು. ಶೇಖರ ಎಂದು ಹೆಸರು. ದೋಣಿಯಲ್ಲಿ ಎಲ್ಲಿ ಬಲೆ ಬಿಡಬೇಕೆಂದು ಹೇಳುವವರು ಅವರೇ. ಅಮ್ಮ ಸುಗುಣ ಯಡ್ತರೆ ಕಡೆ ಮೀನು ಮಾರಿ ಬಂದು ಕಾಲು ಚಾಚಿ ಕೂತಿದ್ದಳು. ನಾನು ನಡೆದದ್ದನ್ನು ಹೇಳಿದೆ. ಅಪ್ಪಯ್ಯ ಬಯ್ಯುತ್ತಾರೆ, ಅಲ್ಲಿಗೆ ಈ ಕಥೆ ಮುಗಿಯುತ್ತದೆ ಎಂದುಕೊಂಡಿದ್ದೆ. ಅವರು ನೂಲು ಎಳೆದು ಗಂಟು ಹಾಕಿ, “ಯಾವ ತಿಂಗ್ಳಗೆ ಸತ್ತದ್ ನಾನ್?” ಎಂದು ಕೇಳಿದರು.

“ತಿಂಗ್ಳ್ ಬರಿಲಿಲ್ಲ.”

“ಮಳೆಗಾಲ ಅಂದೇಳಿ ಬರೂಕ್ ಹೇಳ್. ಬೇಸ್ಗೆಯಗೆ ಮುಳುಗಿ ಸತ್ತೆ ಅಂದ್ರೆ ಕೇಂಡವ್ರ್ ನಗಾಡ್ತ್ರ್.”

“ಬಿಡ್ತ್ ಅನ್ನಿ ಮೊದ್ಲ್,” ಎಂದು ಅಮ್ಮ ಗದರಿದಳು. ಅಪ್ಪಯ್ಯ ಶಾಲೆಯ ಮಗುವಿನ ಹಾಗೆ “ಬಿಡ್ತ್” ಅಂದರು.

ಆಮೇಲೆ ಅಮ್ಮ ಚಾಚಿದ ಕಾಲು ಮಡಚಿಕೊಂಡು, “ಕಾಗೆ ಸುದ್ದಿ ಹಂಗೇ ಆಯ್ತಲ್ದಾ ಇದ್,” ಅಂದಳು. ಕಾಗೆ ಬಂದು ಯಾರದಾದರೂ ತಲೆ ಮುಟ್ಟಿದರೆ ನಮ್ಮಲ್ಲಿ ಅದು ಸಾವಿನ ಸೂಚನೆ. ಅದಕ್ಕೊಂದು ಪರಿಹಾರವೂ ಉಂಟು. ದೂರದ ನೆಂಟರಿಗೆ, ಇಂಥವರು ಹೋಗಿಬಿಟ್ಟರು ಎಂದು ಸುಳ್ಳು ಸುದ್ದಿ ಮುಟ್ಟಿಸುವುದು. ಅವರು ಅತ್ತರೆ ಕಂಟಕ ಕಳೆಯಿತು, ಆಯಸ್ಸು ಗಟ್ಟಿಯಾಯಿತು. ನಾನು ಚಿಕ್ಕವಳಿದ್ದಾಗ ಅಪ್ಪಯ್ಯನ ತಲೆಗೆ ಕಾಗೆ ಕುಕ್ಕಿತ್ತು. ಅಮ್ಮ ಮುಂಬೈಯಲ್ಲಿದ್ದ ತನ್ನ ಅಣ್ಣ ಪ್ರೇಮಾನಂದನಿಗೆ ಫೋನು ಮಾಡಿಸಿದಳು. ಮಾವ ತಾನು ಕೆಲಸ ಮಾಡುವ ಹೋಟೆಲಿನ ಕೌಂಟರಿನಲ್ಲೇ ಗಿರಾಕಿಗಳ ಎದುರು ಗೊಳೋ ಎಂದು ಅತ್ತನಂತೆ. ಮರುದಿನ ನಿಜ ಹೇಳಿದಾಗ ಬಾಯಿಗೆ ಬಂದದ್ದೆಲ್ಲ ಬೈದು, ದೀಪಾವಳಿಯವರೆಗೆ ಮಾತು ಬಿಟ್ಟಿದ್ದ. ಅಪ್ಪಯ್ಯ ಮಾತ್ರ ಈಗಲೂ ಗಟ್ಟಿಯಾಗಿದ್ದಾರೆ.

“ಸುಳ್ಳ್ ಸುದ್ದಿಯಿಂದ ಆಯಸ್ಸ್ ಹೆಚ್ಚತ್ತೇ ಹೊರ್ತ್ ಕಮ್ಮಿ ಆತ್ತಿಲ್ಲೆ,” ಎಂದಳು ಅಮ್ಮ. “ಕಳ್ಸುಕ್ ಹೇಳ್ ಮಗಾ.”

ಬೇರೆ ಮನೆಯಲ್ಲಾಗಿದ್ದರೆ ಈ ಮಾತು ಅಲ್ಲೇ ನಿಲ್ಲುತ್ತಿತ್ತು. ನಮ್ಮ ಮನೆಯಲ್ಲಿ ಸುಳ್ಳಿಗೆ ಒಂದು ಪುಣ್ಯದ ದಾರಿಯೇ ಸಿಕ್ಕಿಬಿಟ್ಟಿತು. ನನಗೂ ಸಾಕಾಗಿತ್ತು. ಹೂಂ ಎಂದು ಸುಧೀರ್ ಸರ್‌ಗೆ ಫೋನು ಮಾಡಿದೆ.

ಒಂದು ತಿಂಗಳ ಮೇಲೆ ಸಂದರ್ಶನಕ್ಕೆ ಕರೆ ಬಂತು, ವಿಡಿಯೋದಲ್ಲಿ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯಲ್ಲಿ ಮಾತ್ರ. ಸತ್ತವರು ಜಗಲಿಯಲ್ಲಿ ಕೂತಿರಬಾರದೆಂದು ಅಮ್ಮ ಅಪ್ಪಯ್ಯನನ್ನು ಅಡುಗೆಮನೆಗೆ ಅಟ್ಟಿದಳು. ಬೀಡಿ ಸೇದಬೇಡಿ, ಕೆಮ್ಮಬೇಡಿ ಎಂದು ತಾಕೀತು ಬೇರೆ.

ಪರದೆಯ ಮೇಲೆ ಬಂದವರು ನೆರೆಗೂದಲಿನ ಒಬ್ಬ ಪ್ರೊಫೆಸರ್ ಅಮ್ಮ. ನನ್ನ ಅಂಕಗಳ ಬಗ್ಗೆ ಕೇಳುತ್ತಾರೆಂದು ಉತ್ತರ ಬಾಯಿಪಾಠ ಮಾಡಿಕೊಂಡಿದ್ದೆ. ಅವರು ಕೇಳಲೇ ಇಲ್ಲ. ನಿನ್ನ ತಂದೆಯ ವಿಷಯ ಓದಿದೆ, ಬಹಳ ನೋವಾಯಿತು ಅಂದರು. ತಮ್ಮ ಅಪ್ಪನೂ ಮೀನು ಹಿಡಿಯುತ್ತಿದ್ದವರೇ, ತಾವು ಶಾಲೆಯಲ್ಲಿದ್ದಾಗ ಸಮುದ್ರಕ್ಕೆ ಹೋದವರು ಸಿಗಲೇ ಇಲ್ಲ, ಹೆಣವೂ ಸಿಗಲಿಲ್ಲ ಅಂದರು. ಆ ವರ್ಷ ಪುಸ್ತಕ ತೆರೆದರೆ ಅಕ್ಷರವೇ ಕಾಣುತ್ತಿರಲಿಲ್ಲ, ನಿನ್ನ ಕಷ್ಟ ನನಗೆ ಗೊತ್ತು ಎಂದು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಅಪ್ಪಯ್ಯ ಕೆಮ್ಮಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಬಂಗುಡೆ ಬಿಸಿಲಿಗೆ ಬಿದ್ದರೆ ಅದರಲ್ಲಿ ಏನೇನು ವಿಷ ಹುಟ್ಟುತ್ತದೆ, ಹೇಗೆ ಪತ್ತೆ ಮಾಡುತ್ತೇನೆ ಎಂದು ಆಮೇಲೆ ಚೆನ್ನಾಗಿಯೇ ಹೇಳಿದೆ. ಜನವರಿಯಲ್ಲಿ ನಿನ್ನನ್ನು ಇಲ್ಲಿ ನೋಡುತ್ತೇನೆ ಎಂದು ಅವರು ನಕ್ಕರು.

ಫೋನು ಇಟ್ಟ ಕೂಡಲೇ ಅಮ್ಮ ಹೊರಗೆ ಬಂದು, “ಎಂತ ಹೇಳಿದ್ರ್?” ಎಂದಳು.

“ಸೀಟ್ ಸಿಕ್ಕತ್ತ್ ಕಾಣತ್ತ್.”

“ಅದಲ್ಲ. ಸುದ್ದಿ ಕೇಂಡ್ ಅವ್ರ್ ಮರ್ಕಿದ್ರಾ?”

ಅತ್ತ ಹಾಗೇ, ಕಣ್ಣು ಒರೆಸಿಕೊಂಡರು ಎಂದೆ. ಅಮ್ಮನಿಗೆ ಸಮಾಧಾನವಾಯಿತು. “ಹಂಗಾರೆ ಸರಿ ಆಯ್ತ್. ಈಗ ಖರೆ ಹೇಳಿಬಿಡ್.”

ಅವಳ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಕಾಗೆ ಸುದ್ದಿಯಲ್ಲಿ ಎರಡು ಪಾಲು. ಅತ್ತ ಮೇಲೆ ನಿಜ ಹೇಳಿ ಕಣ್ಣೀರು ಒರೆಸಬೇಕು, ಇಲ್ಲದಿದ್ದರೆ ಸುಳ್ಳೇ ಅಂಟಿಕೊಳ್ಳುತ್ತದೆ. ಅರ್ಜಿ ಕಳಿಸುವ ದಿನ ನಾವು ಮೂವರೂ ಮೊದಲ ಪಾಲಿಗೇ ನಿಂತುಬಿಟ್ಟಿದ್ದೆವು.

“ಖರೆ ಹೇಳಿರೆ ಸೀಟ್ ಹೋತ್ತಮ್ಮ. ಮತ್ತೊಂದ್ ಕಡೆಯೂ ಸಿಕ್ಕತ್ತಿಲ್ಲೆ.”

“ನಿನ್ನ ಓದ್ ನಂಗೂ ಬೇಕ್ ಮಗಾ. ಆರೆ ಇವ್ರ್ ನಾಳೆ ದೋಣಿ ಹತ್ತ್ವರ್. ನೀನ್ ಖರೆ ಹೇಳುವರೆಗೆ ನಾ ಇವ್ರನ್ನ ಕಳ್ಸುದಿಲ್ಲೆ.”

ಕಳಿಸಲೂ ಇಲ್ಲ. ಮರುದಿನ ದೋಣಿ ಅಪ್ಪಯ್ಯನನ್ನು ಬಿಟ್ಟು ಹೋಯಿತು. ಅದರ ಮರುದಿನವೂ ಹೋಯಿತು. ಹಾಳಾದ್ದು, ಆ ವಾರವೇ ಬಂಗುಡೆ ಮುರಿದುಕೊಂಡು ಬಿದ್ದಿತ್ತು. ದೋಣಿಯವರು ಫೋನು ಮಾಡಿದರೆ ಅಪ್ಪಯ್ಯ ಸೊಂಟ ನೋವು ಎನ್ನುತ್ತಿದ್ದರು. ಅವರಿಗೆ ಕಾಗೆಯ ಮೇಲೆ ಅಷ್ಟೇನೂ ನಂಬಿಕೆಯಿಲ್ಲ, ಅಮ್ಮನ ಮಾತು ಮೀರುವ ಧೈರ್ಯವೂ ಇಲ್ಲ. ಬಲೆಯಲ್ಲಿ ಹರಿದದ್ದೆಲ್ಲ ಮುಗಿದು, ಗಟ್ಟಿಯಿದ್ದ ಗಂಟುಗಳನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಇಬ್ಬರೂ ನನಗೆ ಒಂದು ಮಾತು ಅನ್ನಲಿಲ್ಲ. ಒಮ್ಮೆ ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ.

ಸುಧೀರ್ ಸರ್‌ಗೆ ಫೋನು ಮಾಡಿ ನಿಜ ಹೇಳಲೇ ಎಂದು ಕೇಳಿದೆ. “ನಿಂಗ್ ಮರ್ಲಾ?” ಎಂದು ಹುಚ್ಚಿಯನ್ನು ಗದರುವ ಹಾಗೆ ಗದರಿದರು. ಆಫರ್ ಪತ್ರ ಇನ್ನೇನು ಬರುತ್ತದೆ, ಬಾಯಿ ಮುಚ್ಚಿಕೊಂಡಿರು ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಅಮ್ಮನ ಕಾಗೆಗೆ ನಾನು ಹೆದರಲಿಲ್ಲ. ನನ್ನನ್ನು ಕಾಡಿದ್ದು ಆ ಪ್ರೊಫೆಸರ್ ಅಮ್ಮ ಕನ್ನಡಕ ತೆಗೆದದ್ದು. ಅವರ ಅಪ್ಪ ನಿಜವಾಗಿಯೂ ಬರಲಿಲ್ಲ. ನನ್ನ ಅಪ್ಪ ಅಡುಗೆಮನೆಯಲ್ಲಿ ಗಂಜಿ ಉಣ್ಣುತ್ತಿದ್ದರು. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಲ್ಯಾಬಿನಲ್ಲಿ ಊಟದ ಬಿಡುವಿನಲ್ಲಿ ಕೂತು ಅವರಿಗೆ ಬರೆದೆ. ಅಪ್ಪ ಬದುಕಿದ್ದಾರೆ, ಕ್ಷಮಿಸಿ ಎಂದೆ. ಆಮೇಲೆ ಫೇಲಾದದ್ದಕ್ಕೆ ಕಾರಣ ಬರೆಯಬೇಕಾಯಿತು. ಪಾಠ ಅರ್ಥವಾಗಲಿಲ್ಲ, ಇಂಗ್ಲಿಷಿನಲ್ಲಿ ಕೇಳಲು ಹೆದರಿದೆ, ಅರ್ಥವಾದವಳ ಹಾಗೆ ಕೂತೆ, ಅರ್ಥವಾಗುವ ಹೊತ್ತಿಗೆ ತಡವಾಗಿತ್ತು. ಬರೆದದ್ದನ್ನು ಮತ್ತೆ ಓದಿದರೆ ಅದರಲ್ಲಿ ಅಳುವಂಥದ್ದು ಏನೂ ಇರಲಿಲ್ಲ. ಯಾರೂ ಸಾಯದೆ ನಾನು ಫೇಲಾಗಿದ್ದೆ, ಅಷ್ಟೇ. ಕಳಿಸಿಬಿಟ್ಟೆ.

ಮರುದಿನ ನಸುಕಿನಲ್ಲಿ ಅಪ್ಪಯ್ಯ ಸಮುದ್ರಕ್ಕೆ ಹೋದರು.

ಉತ್ತರ ಬರಲು ಹತ್ತು ದಿನ ಹಿಡಿಯಿತು. ಪ್ರೊಫೆಸರ್ ಅಮ್ಮ ಒಳ್ಳೆಯ ಮಾತೇ ಬರೆದಿದ್ದರು. ನಿನ್ನ ತಂದೆ ಬದುಕಿರುವುದು ಕೇಳಿ ಸಂತೋಷವಾಯಿತು, ಮೊದಲೇ ಇದನ್ನು ಬರೆದಿದ್ದರೆ ನಾನು ನಿನ್ನ ಪರ ವಾದಿಸಬಹುದಿತ್ತು, ಈಗ ನಿಯಮ ನನ್ನ ಕೈಯಲ್ಲಿಲ್ಲ ಎಂದು. ಅದರ ಕೆಳಗೆ ಕಚೇರಿಯವರ ಪತ್ರ. ಅರ್ಜಿಯಲ್ಲಿ ಸುಳ್ಳು ಮಾಹಿತಿ ಇದ್ದುದರಿಂದ ತಿರಸ್ಕರಿಸಲಾಗಿದೆ.

ಸಂಜೆ ಅಮ್ಮ ಬಂಗುಡೆ ಸಾರು ಮಾಡಿದ್ದಳು. ಉಣ್ಣುವಾಗ ಹೇಳಿದೆ. ಅಮ್ಮ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಎದ್ದು ಒಳಗೆ ಹೋದಳು. ಅಪ್ಪಯ್ಯ ಮೀನಿನ ಮುಳ್ಳು ಬಿಡಿಸುತ್ತ ಕೂತರು. ತಲೆ ಎತ್ತದೆ ಕೇಳಿದರು.

“ನಾ ಖರೆ ಸತ್ತಿದ್ರೆ ಸೀಟ್ ಕೊಡ್ತಿದ್ರಾ?”

ತಮಾಷೆಗೆ ಕೇಳಿದ್ದಲ್ಲ. ಗಾಳಿ ಯಾವ ಕಡೆ ಎಂದು ದೋಣಿಯವರನ್ನು ಕೇಳುವ ಹಾಗೆ, ತಿಳಿದುಕೊಳ್ಳಲೆಂದೇ ಕೇಳಿದ್ದು. ಕೊಡುತ್ತಿದ್ದರು. ಅದು ನನಗೂ ಗೊತ್ತಿತ್ತು, ಅಪ್ಪಯ್ಯನ ಮುಖ ನೋಡಿದರೆ ಅವರಿಗೂ ಅರ್ಧ ಗೊತ್ತಿತ್ತು.

“ಇಲ್ಲ ಅಪ್ಪಯ್ಯ,” ಎಂದೆ. “ಆಗ್ಳೂ ಕೊಡ್ತಿರ್ಲಿಲ್ಲ. ನನ್ನ ಮಾರ್ಕೇ ಹಂಗಿತ್ತ್.”

ಈ ಸುಳ್ಳನ್ನು ನನಗೆ ಯಾರೂ ಬರೆದುಕೊಟ್ಟಿರಲಿಲ್ಲ. ಅಪ್ಪಯ್ಯ ಹೂಂ ಎಂದು ಉಸಿರು ಬಿಟ್ಟು, ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಅನ್ನ ಇನ್ನೊಂದಿಷ್ಟು ಹಾಕು ಎಂದರು.