ಕ್ಯಾಪ್ಟನ್ ರಡ್ ಕೊಲ್ಲಿಯ ಹಲಗೆ

"ಲೇ ಬೋಳೀಮಗನೆ, ಹಲ್ಲು ಕಿಸೀಬೇಡ. ನೀನು ಗುಲಾಮ ಕಣೋ, ಅಳು," ಎನ್ನುತ್ತ ಹೋಟೆಲ್ ಮ್ಯಾನೇಜರ್ ಪ್ರೆಂಟಿಸ್ ಸರಪಳಿಯನ್ನು ಕಾಲಿನಿಂದ ತಳ್ಳಿದ. ಆಲ್ಬನ್ ಅದನ್ನು ಕಾಲಿಗೆ ಬಿಗಿದುಕೊಂಡ. ಪ್ಲಾಸ್ಟಿಕ್ಕಿನದು. ಅವನ ಅಜ್ಜನ ಅಜ್ಜ ಹಾಕಿಕೊಂಡಿದ್ದು ಕಬ್ಬಿಣದ್ದು.

ಈ ದ್ವೀಪಕ್ಕೆ ಹೆಸರಿಡುವವರಿಗೇನೂ ಬರವಿರಲಿಲ್ಲ. ಸ್ಪೇನಿನ ಮಹಾಶಯನೊಬ್ಬ ಹಡಗಿನಿಂದ ಕೆಳಗಿಳಿಯದೆಯೇ ಯಾವುದೋ ಸಂತನ ಹೆಸರು ಅಂಟಿಸಿ ಹೋದ. ಫ್ರೆಂಚರು ಅದನ್ನಳಿಸಿ ತಮ್ಮ ರಾಣಿಯ ಹೆಸರಿಟ್ಟರು, ಇಂಗ್ಲಿಷರು ಅದನ್ನೂ ಅಳಿಸಿ ತಮ್ಮ ರಾಜನದನ್ನು. ಈಗ ಹೋಟೆಲಿನವರ ಸರದಿ. ಊರವರು ಬಲೆ ಎಳೆಯುವ ಕೊಲ್ಲಿಯಲ್ಲಿ 'ಕ್ಯಾಪ್ಟನ್ ರಡ್ ಕೊಲ್ಲಿ' ಎಂದು ಹಲಗೆ ನೆಟ್ಟು, ಇಲ್ಲಿ ಬಲೆ ಬಿಡಕೂಡದೆಂದು ಕೆಳಗೆ ಬರೆಸಿದ್ದರು. ರಡ್ ಹಡಗು ದೋಚಿ, ಅದರಲ್ಲಿದ್ದ ಕರಿಯರನ್ನು ಕಬ್ಬಿನ ತೋಟಗಳಿಗೆ ಮಾರಿ ತಿಂದ ಕಡಲ್ಗಳ್ಳ. ಅವನಿಗೆ ಹಲಗೆ, ಅವನು ಮಾರಿದವರ ಮರಿಮಕ್ಕಳಿಗೆ ಎರಡು ತಿಂಗಳಿಂದ ಮೀನಿಲ್ಲ.

ಒಲೆ ಉರಿಯಬೇಕಲ್ಲ ಎಂದೇ ಆಲ್ಬನ್ ಹೋಟೆಲಿನವರು ಅತಿಥಿಗಳಿಗಾಗಿ ಆಡಿಸುವ ರಡ್‌ನ ಆಟದಲ್ಲಿ ಗುಲಾಮನ ವೇಷಕ್ಕೆ ಒಪ್ಪಿದ್ದು. "ಒಂದ್ಸಲ ಮಾರಿದ್ದು ಸಾಲ್ಲಿಲ್ವೇನೋ ನಿಂಗೆ?" ಎಂದಿದ್ದಳು ಅತ್ತೆ ಉರ್ಸುಲಾ.

ಮಧ್ಯಾಹ್ನ ಅತಿಥಿಗಳು ಕುರ್ಚಿ ಹಾಕಿಕೊಂಡು ಕೂತರು. ರಡ್‌ನ ದೋಣಿ ಕಂಡೊಡನೆ ಆಲ್ಬನ್ ಒಂದು ಸಲ ಶಂಖ ಊದಬೇಕೆಂದು ಅಪ್ಪಣೆಯಾಗಿತ್ತು. ಆದರೆ ಅವನ ಕಣ್ಣಿಗೆ ಬಿದ್ದದ್ದು ಬೇರೆ. ಕೊಲ್ಲಿಯ ನೀರು ಕಪ್ಪಗಾಗಿತ್ತು, ಹಕ್ಕಿಗಳು ದಬದಬನೆ ಮುಳುಗುತ್ತಿದ್ದವು. ಮೀನಿನ ಹಿಂಡು!

ಅವನು ಮೂರು ಸಲ ಊದಿದ.

ಮೂರು ಕೂಗು ಕೇಳಿದರೆ ಇದ್ದ ಕೆಲಸ ಬಿಟ್ಟು ಬರಬೇಕು, ಹಗ್ಗ ಹಿಡಿದವರಿಗೆಲ್ಲ ಪಾಲು. ಅದು ಊರಿನ ಕಟ್ಟಳೆ. ಗುಡ್ಡದಿಂದ ಜನ ಬೋಗುಣಿ, ಚೂರಿ ಹಿಡಿದು ಇಳಿದರು. ಬಲೆಯ ದೋಣಿ ನೀರಿಗೆ ಬಿತ್ತು. ರಡ್‌ನ ವೇಷದವನು ಕತ್ತಿ ಎಸೆದು ಹಗ್ಗ ಹಿಡಿದ, ಅವನೂ ಊರವನೇ.

"ಯಾರೋ ಕರೆದದ್ದು ಇವರನ್ನ?" ಎಂದು ಪ್ರೆಂಟಿಸ್ ಹಲ್ಲು ಕಡಿದ.

"ನೀವೇ ಊದು ಅಂದ್ರಲ್ಲ ಸಾರ್."

ಅತಿಥಿಗಳು ಇದೂ ಆಟವೆಂದೇ ತಿಳಿದು ಚಪ್ಪಾಳೆ ತಟ್ಟಿದರು. ಕೆಲವರು ಟೋಪಿ ಬಿಸಾಕಿ ಹಗ್ಗಕ್ಕೂ ಬಂದರು. ಅವರೆದುರು ಬೈಯಲಾಗದೆ ಪ್ರೆಂಟಿಸ್ ನಗುತ್ತ ನಿಂತ. ಹಾಗೆ ನಗಲು ಅವನಿಗೆ ಬಹಳ ಕಷ್ಟವಾಯಿತು.

ಬಲೆ ದಡಕ್ಕೆ ಬಂತು. ಉರ್ಸುಲಾ ಹಗ್ಗ ಎಳೆದ ಬಿಳಿ ಅತಿಥಿಗಳಿಗೂ ಪಾಲು ಹಾಕಿ, ಪ್ರೆಂಟಿಸ್‌ನನ್ನು ಮೇಲಿಂದ ಕೆಳಗೆ ನೋಡಿದಳು.

"ಹಗ್ಗ ಹಿಡೀಲಿಲ್ಲ ನೀನು. ನಿಂಗಿಲ್ಲ."

ಮೀನು ಕೊಯ್ಯಲು ಮಣೆ ಬೇಕಿತ್ತು. ಆಲ್ಬನ್ ಸರಪಳಿ ಕಿತ್ತೆಸೆದು ಹೋಗಿ ಹಲಗೆಯನ್ನು ಬುಡಸಮೇತ ಅಲ್ಲಾಡಿಸಿ ಕಿತ್ತು ತಂದು ಅತ್ತೆಯ ಮುಂದೆ ಅಂಗಾತ ಹಾಕಿದ. ಅವಳು ಕ್ಯಾಪ್ಟನ್ ರಡ್‌ನ ಹೆಸರಿನ ಮೇಲೆ ಮೊದಲ ಮೀನಿಟ್ಟು ಹೊಟ್ಟೆ ಸೀಳಿದಳು.