ಉಲ್ಟಾ ಹಿಡಿ

ಮಗಳು ಹಾಯಿ ಇಳಿಸಿ ಚುಕ್ಕಾಣಿಗೆ ಮರಳುವಷ್ಟರಲ್ಲಿ ದ್ವೀಪದ ಕಲ್ಲುಕಟ್ಟೆ ತೀರಾ ಹತ್ತಿರ ಬಂದುಬಿಟ್ಟಿತ್ತು. ಸ್ಮಶಾನ ಇದ್ದದ್ದು ಅಲ್ಲಿಯೇ. ಅಪ್ಪನ ಪೆಟ್ಟಿಗೆಯನ್ನು ಅಪ್ಪನ ದೋಣಿಯಲ್ಲೇ ತರಬೇಕೆಂದು ಹಟ ಹಿಡಿದವಳು ಅವಳೇ. ಹೊರಟಾಗಿನಿಂದಲೂ ಒಳ್ಳೆಯ ಗಾಳಿ ಇತ್ತು, ಹಾಯಿಯಲ್ಲೇ ಬಂದಿದ್ದರು. ಗೇರು ಹಾಕದೆ ಬಿಟ್ಟ ಹಳೆಯ ಡೀಸೆಲ್ ಇಂಜಿನ್ ಸುಮ್ಮನೆ ಗುಡುಗುಡು ಎನ್ನುತ್ತಿತ್ತು. ಈಗ ಅದನ್ನು ಹಿಂದಕ್ಕೆ ಓಡಿಸಿ ವೇಗ ಮುರಿಯಬೇಕು. ಅಪ್ಪನ ಗೆಳೆಯ, ಹಾಯಿ ಹೊಲಿಯುವ ಸೂಜಿಮಾಮ, ದೋಣಿಯ ಮೂತಿಯಲ್ಲಿ ಕೂತು, ಕಟ್ಟೆಗೆ ಒದೆ ಕೊಡಲು ಒಂದು ಕಾಲು ಹೊರಚಾಚಿದ್ದ. ಅದು ಅವನ ಯಾವತ್ತಿನ ಕೆಟ್ಟ ಚಾಳಿ.

ತಾಯಿ ಪೆಟ್ಟಿಗೆಯ ಪಕ್ಕ, ಗೇರಿನ ಹಿಡಿಗೆ ಮೊಳ ದೂರದಲ್ಲಿ ಮುದುಡಿಕೊಂಡಿದ್ದಳು. ದೋಣಿ ಹತ್ತಿದರೆ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು.

*

ಆ ಹಿಡಿಯ ಕತೆಯೇ ಬೇರೆ. ಇಪ್ಪತ್ತೆರಡು ವರ್ಷದ ಹಿಂದೆ ಗೇರ್‌ಬಾಕ್ಸ್ ಕೈಕೊಟ್ಟಾಗ ಅಪ್ಪ ಬೇರೊಂದು ದೋಣಿಯಿಂದ ಕಳಚಿದ್ದನ್ನು ತಂದು ಕೂರಿಸಿದ. ಕೂರಿಸಿದ್ದೇನೋ ಸರಿ, ಕೇಬಲ್ ಮಾತ್ರ ಉಲ್ಟಾ ಆಯಿತು. ಹಿಡಿಯನ್ನು ಮುಂದೆ ತಳ್ಳಿದರೆ ದೋಣಿ ಹಿಂದೆ, ಹಿಂದೆ ಎಳೆದರೆ ಮುಂದೆ. ಸರಿಮಾಡಬೇಕಾದರೆ ಇಂಜಿನ್ನಿನ ಹಿಂದಿನ ಸಂದಿಗೆ ಹೊಟ್ಟೆಯ ಮೇಲೆ ತೆವಳಬೇಕು. ಫಿಲ್ಟರ್ ಬದಲಿಸುವುದನ್ನು, ಆಯಿಲ್ ನೋಡುವುದನ್ನು ಒಂದು ದಿನವೂ ತಪ್ಪಿಸದ ಪುಣ್ಯಾತ್ಮ ಇದೊಂದಕ್ಕೆ ಮಾತ್ರ ನಾಳೆ ಎಂದ. ಮಗಳ ಕೈಗೆ ಉಲ್ಟಾ ಎನ್ನುವುದೇ ರೂಢಿಯಾಯಿತು. ತಾಯಿ ಹಿಡಿದದ್ದು ಒಂದೇ ಸಲ. ಎದುರಿಗೆ ನಿಂತಿದ್ದ ದೋಣಿಗೆ ಗುದ್ದಿಸಿದಳು.

"ನಿಮ್ಮ ಇಂಜಿನ್ನಿಗೂ ನಿಮ್ಮ ಹಾಗೇ ತಲೆ ಕೆಟ್ಟಿದೆ. ಇನ್ನು ನಾನಿದನ್ನ ಮುಟ್ಟಲ್ಲ" ಅಂದಿದ್ದಳು. ಅಪ್ಪ ನಕ್ಕುಬಿಟ್ಟಿದ್ದ.

ಹೋದ ವಾರ ಅಪ್ಪ ಎರಡು ದಿನ ಒಬ್ಬನೇ ದೋಣಿಯಲ್ಲಿದ್ದು, ಬೆವತು ಬಿಳಿಚಿಕೊಂಡು ಮನೆಗೆ ಬಂದ. ಎದೆ ಹಿಡಿದಂತಿದೆ, ಗ್ಯಾಸ್ ಇರಬೇಕು ಎಂದ. ಡಾಕ್ಟರ ಹತ್ತಿರ ಹೋಗೋಣವೆಂದು ಇಬ್ಬರೂ ಗೋಗರೆದರು, ಕೇಳಲಿಲ್ಲ. ಮೊನ್ನೆ ಬೆಳಿಗ್ಗೆ ಏಳಲಿಲ್ಲ.

*

ಮಗಳು ಹಿಡಿಯನ್ನು ಮುಂದಕ್ಕೆ ತಳ್ಳಿದಳು. ದೋಣಿ ನಿಧಾನವಾಗುವ ಬದಲು ನುಗ್ಗಿತು. ಸಾಲಲಿಲ್ಲವೇನೋ ಎಂದು ಇನ್ನೂ ತಳ್ಳಿದಳು. ಇಂಜಿನ್ ಅಬ್ಬರಿಸಿತು, ಪೆಟ್ಟಿಗೆ ಜರುಗಿತು. ಸೂಜಿಮಾಮನ ಕಾಲಿಗೂ ಕಲ್ಲಿಗೂ ನಡುವೆ ಎರಡು ಮಾರು ನೀರು ಉಳಿದಿತ್ತು. ಏಳಲು ಹೋದರೆ ಅವನ ಪ್ಯಾಂಟು ಹಗ್ಗದ ಕೊಕ್ಕೆಗೆ ಸಿಕ್ಕಿಕೊಂಡಿತು.  ಮಗಳ ಕೈಗೆ ಗೊತ್ತಿದ್ದದ್ದು ತಳ್ಳುವುದೊಂದೇ.

"ಎಳಿಯೇ" ಎಂದಳು ತಾಯಿ.

ಮಗಳು ಕಲ್ಲಾಗಿದ್ದಳು. ತಾಯಿಯೇ ಎದ್ದು, ಅವಳ ಕೈ ಬಡಿದು ಸರಿಸಿ, ಎರಡೂ ಕೈಯಿಂದ ಹಿಡಿಯನ್ನು ಹಿಂದಕ್ಕೆಳೆದಳು. ಏನೂ ಗೊತ್ತಿಲ್ಲದವರು ಯಾರಾದರೂ ಮಾಡುವುದು ಅದನ್ನೇ. ಗೇರು ಕರಕರ ಎಂದಿತು. ಕಲ್ಲಿಗೆ ಒಂದು ಗೇಣು ಇರುವಾಗ ದೋಣಿ ನಿಂತಿತು. ಸೂಜಿಮಾಮ ಕಾಲನ್ನು ಒಳಗೆಳೆದುಕೊಂಡು, ಅದು ತನ್ನದೇ ಹೌದೋ ಅಲ್ಲವೋ ಎಂದು ತುಂಬಾ ಹೊತ್ತು ಸವರಿಕೊಂಡ.

ಮಣ್ಣು ಮಾಡಿ ಬಂದ ಮೇಲೆ ಮಗಳು ಇಂಜಿನ್ನಿನ ಹಿಂದಿನ ಸಂದಿಗೆ ತೆವಳಿದಳು. ಕೇಬಲ್ ಹೊಸದು, ಕೊಂಡಿ ಹೊಸದು, ಗ್ರೀಸ್ ಇನ್ನೂ ಧೂಳು ಕಂಡಿರಲಿಲ್ಲ.

"ಅಪ್ಪ ಸರಿಮಾಡಿಟ್ಟಿದ್ದಾರೆ" ಎಂದಳು ಹೊರಗೆ ಬಂದು. "ನಮಗೊಂದು ಮಾತು ಹೇಳಿಲ್ಲ."

"ಹೇಗೆ ಹೇಳ್ತಾರೆ? ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ ಅಂತ ನಾನು ಕೇಳ್ತಿದ್ದೆನಲ್ಲ" ಎಂದಳು ತಾಯಿ.

ಹೊರಡುವಾಗ ಮಗಳ ಕೈ ಹಿಡಿಯ ಹತ್ತಿರವೇ ಹೋಗಲಿಲ್ಲ. ತನ್ನ ಕೈಯನ್ನು ನೋಡಿದರೇ ಅವಳಿಗೆ ಹೆದರಿಕೆಯಾಗುತ್ತಿತ್ತು. ತಾಯಿ ಬಂದು ಅವಳ ಜಾಗದಲ್ಲಿ ನಿಂತಳು. ಹಿಡಿಯನ್ನು ಹಿಂದಕ್ಕೆಳೆದಳು.

ದೋಣಿ ಹಿಂದಕ್ಕೇ ಹೋಯಿತು. ಮೊನ್ನೆಯಿಂದ ಒಂದು ಹನಿ ಕಣ್ಣೀರು ಹಾಕದಿದ್ದವಳು ಅತ್ತದ್ದು ಆಗ.