ಕಾವಲುಬೊಂಬೆಯ ಕಣ್ಣು

ಹೆಸರು ಹೇಳಿದರೆ ಗುರುತು ಹಿಡಿಯುವವರಿದ್ದಾರೆ. ಆದ್ದರಿಂದ ಅದನ್ನು ಹೆಸರಿಲ್ಲದ ಒಂದು ರಾಜ್ಯವೆಂದೇ ಕರೆಯೋಣ. ಅದರ ಗಡಿಯಲ್ಲಿ ಒಂದು ಹೊಳೆ, ಹೊಳೆಯ ಆಚೆಗೆ ಇನ್ನೊಂದು ರಾಜ್ಯ. ಎರಡು ದಡದವರೂ ಒಂದೇ ನೀರು ಕುಡಿಯುತ್ತಿದ್ದರು, ಹೆಣ್ಣು ಕೊಟ್ಟು ತರುತ್ತಿದ್ದರು, ಒಂದೇ ಭಾಷೆಯಲ್ಲಿ ಪರಸ್ಪರ ಬೈದುಕೊಳ್ಳುತ್ತಿದ್ದರು. ಈಚೆ ದಡದ ಪಟ್ಟಣದಲ್ಲಿ ಕಾವಲುಬೊಂಬೆ ಮಾಡುವವರ ಕೇರಿಯೊಂದಿತ್ತು.

ಕಾವಲುಬೊಂಬೆ ಎಂದರೆ ಹಾಲೆಮರದಲ್ಲಿ ಕೆತ್ತಿದ, ಆಳಿಗಿಂತ ಒಂದು ಮೊಳ ಎತ್ತರದ ಆಕೃತಿ. ಹಗಲಿನಲ್ಲಿ ಅದು ಬರಿಯ ಮರ. ಅದರ ತಲೆಯ ಮೇಲೆ ಕಾಗೆ ಕೂರುತ್ತಿತ್ತು, ತೋಳಿಗೆ ಹಗ್ಗ ಕಟ್ಟಿ ಮಕ್ಕಳು ಜೀಕುತ್ತಿದ್ದರು. ದೀಪ ಹಚ್ಚುವ ಹೊತ್ತು ದಾಟಿದ ಮೇಲೆ ಹಾಗಲ್ಲ. ಅದು ಕಾಯುತ್ತಿದ್ದ ಹೊಲಕ್ಕೆ ಕದಿಯಲು ನುಗ್ಗಿದವನು ಬೆಳಿಗ್ಗೆ ಬದುವಿನ ಮೇಲೆ ಸಿಗುತ್ತಿದ್ದ. ಗಾಯವಿಲ್ಲ, ರಕ್ತವಿಲ್ಲ. ಮುಖ ಮಾತ್ರ ಬೆನ್ನಿನ ಕಡೆಗೆ ತಿರುಗಿರುತ್ತಿತ್ತು. ಬೊಂಬೆ ನಿನ್ನೆ ನಿಂತಲ್ಲಿಯೇ ಇಂದೂ ನಿಂತಿರುತ್ತಿತ್ತು.

ತನ್ನವರು ಯಾರು, ಪರರು ಯಾರು ಎಂಬುದನ್ನು ಬೊಂಬೆ ಕಣ್ಣಿನಿಂದ ತಿಳಿಯುತ್ತಿತ್ತು. ಕೆತ್ತುವಾಗ ಕಣ್ಣಿನ ಜಾಗವನ್ನು ನುಣ್ಣಗೆ ಖಾಲಿ ಬಿಡುತ್ತಿದ್ದರು. ಕೊಂಡವರ ಹೊಲದಲ್ಲಿ ನೆಟ್ಟ ಮೇಲೆ, ಆ ಮನೆಯವರೆಲ್ಲರೂ ತೊಟ್ಟಿಲ ಕೂಸಿನ ಸಮೇತ ಅದರ ಎದುರಿಗೆ ಬಂದು ನಿಂತ ಮೇಲೆ, ಕಾಡಿಗೆಯಿಂದ ಕಣ್ಣು ಬರೆಯಬೇಕು. ತೆರೆದ ಕಣ್ಣಿಗೆ ಮೊದಲು ಬಿದ್ದವರು ಅದರವರು. ಕತ್ತಲಾದ ಮೇಲೆ ಅವರಿಗೆ ಕೇಡು ಬಗೆದವರನ್ನು, ಅವರಿಗೂ ತನಗೂ ನಡುವೆ ಅಡ್ಡ ಬಂದವರನ್ನು ಅದು ಬಿಡುತ್ತಿರಲಿಲ್ಲ.

ಕಣ್ಣು ಬರೆಯುವ ಕೆಲಸ ಮಾಚವ್ವನದು. ಅವಳ ಗಂಡ ಕಲ್ಲಯ್ಯ ಬೊಂಬೆ ಕೆತ್ತುತ್ತಿದ್ದ. ಅವಳು ಕಾಡಿಗೆಯ ಭರಣಿ ಹಿಡಿದು ಹೊಲದಿಂದ ಹೊಲಕ್ಕೆ ಹೋಗುತ್ತಿದ್ದಳು. ಬರೆಯುವವಳು ಬೊಂಬೆಯ ಕಣ್ಣಿಗೆ ಬೀಳಬಾರದು. ಬಿದ್ದರೆ ಅದು ಹೊಲ ಬಿಟ್ಟು ಅವಳ ಬೆನ್ನು ಹತ್ತುತ್ತದೆ ಎಂದು ಕೇರಿಯ ನಂಬಿಕೆ. ಆದ್ದರಿಂದ ಅವಳು ಹಿಂದೆ ಮಣೆ ಹಾಕಿಕೊಂಡು, ಎರಡೂ ತೋಳುಗಳಿಂದ ಬೊಂಬೆಯ ತಲೆಯನ್ನು ಬಳಸಿ, ಬೆರಳಿನ ಅಂದಾಜಿನಲ್ಲೇ ಬರೆಯುತ್ತಿದ್ದಳು. ಇಡೀ ಸೀಮೆಗೆ ಕಾವಲು ಕೊಟ್ಟ ಮಾಚವ್ವನನ್ನು ತನ್ನವಳೆಂದು ಬಲ್ಲ ಬೊಂಬೆ ಒಂದೂ ಇರಲಿಲ್ಲ. ಆ ಕೊರತೆ ಅವಳನ್ನು ಎಂದೂ ಬಾಧಿಸಿರಲಿಲ್ಲ. ಅವಳಿಗೆ ಇದ್ದದ್ದು ಒಬ್ಬಳೇ ಮಗಳು, ಸಂಕಮ್ಮ. ಅವಳನ್ನು ಆಚೆ ದಡಕ್ಕೆ ಕೊಟ್ಟಿತ್ತು.

ಹೀಗಿರುವಾಗ ಅರಮನೆಯ ಕಣ್ಣು ಬೊಂಬೆಗಳ ಮೇಲೆ ಬಿತ್ತು. ಹೊಲ ಕಾಯುವುದು ಗಡಿಯನ್ನೂ ಕಾಯಬಲ್ಲದು. ನಮ್ಮ ಗಡಿಯನ್ನು ಕಾಯಬಲ್ಲದ್ದು ಪರರ ಗಡಿಯನ್ನೂ ಕಾಯಬಲ್ಲದು. ಹಾಗಾದರೆ ಅದು ಬೊಂಬೆಯಲ್ಲ, ಸರಕು. ಈ ತರ್ಕವನ್ನು ಮಂಡಿಸಿದವನನ್ನು ಬೊಂಬೆಮಂತ್ರಿಯನ್ನಾಗಿ ಮಾಡಲಾಯಿತು. ಕಾಡು ಕೇರಿಗೆ ಬಿಟ್ಟಿಯಾಗಿ ಸಿಕ್ಕಿತು, ಬಂಡಿಗಳು ಸುಂಕವಿಲ್ಲದೆ ಓಡಿದವು. ಕೊಳ್ಳಲು ಶಕ್ತಿಯಿಲ್ಲದ ರಾಜ್ಯಗಳಿಗೆ ಕೊಳ್ಳುವುದಕ್ಕೆಂದೇ ಅರಮನೆ ಸಾಲ ಕೊಟ್ಟಿತು. ಪರದೇಶಗಳಲ್ಲಿದ್ದ ರಾಯಭಾರಿಗಳು ಕುಶಲ ವಿಚಾರಿಸುವುದನ್ನು ಬಿಟ್ಟು, ಅಲ್ಲಿಯ ಬೇಲಿಗಳು ಎಷ್ಟು ಸಡಿಲವಾಗಿವೆ ಎಂದು ವಿಚಾರಿಸತೊಡಗಿದರು. ಕೊಂಡವರೆಲ್ಲರೂ ಬೊಂಬೆಯನ್ನು ರಕ್ಷಣೆಗೆ ಮಾತ್ರ ಬಳಸುತ್ತೇವೆ ಎಂದು ಪ್ರಮಾಣ ಮಾಡುತ್ತಿದ್ದರು. ಬೇರೆ ಯಾವುದಕ್ಕಾದರೂ ಬಳಸುತ್ತೇವೆ ಎಂದು ಪ್ರಮಾಣ ಮಾಡಿದ ರಾಜ್ಯ ಇದುವರೆಗೂ ಹುಟ್ಟಿಲ್ಲ.

ಎಲ್ಲರಿಗಿಂತ ದೊಡ್ಡ ಗಿರಾಕಿ ಹೊಳೆಯಾಚೆಯ ರಾಜ್ಯವೇ ಆಯಿತು. ಅವರಲ್ಲಿ ಕಬ್ಬಿಣವಿತ್ತು. ನಮ್ಮ ಮರ, ಅವರ ಕೀಲು. ತಯಾರಾದ ಬೊಂಬೆಗಳಲ್ಲಿ ಅರ್ಧ ನಮ್ಮ ದಡಕ್ಕೆ, ಅರ್ಧ ಅವರ ದಡಕ್ಕೆ. ಸಭೆಯಲ್ಲಿ ಮುದುಕನೊಬ್ಬ ಎದ್ದು, “ಅವರು ನಮ್ಮ ಶತ್ರುಗಳಲ್ಲವೇ?” ಎಂದು ಕೇಳಿದ.

“ಶತ್ರು ಇದ್ದವನಿಗೇ ಕಾವಲು ಬೇಕಾಗುವುದು,” ಎಂದ ಮಂತ್ರಿ. “ಅವರಿಗೆ ನಾವು ಶತ್ರುಗಳು. ಆದ್ದರಿಂದ ಅವರು ನಮ್ಮ ಗಿರಾಕಿಗಳು.”

ಆ ಶತ್ರುತ್ವ ತಣ್ಣಗಾಗದಂತೆ ನೋಡಿಕೊಳ್ಳುವುದೂ ವ್ಯಾಪಾರದ ಭಾಗವಾಯಿತು. ಎರಡೂ ದಡಗಳಲ್ಲಿ ಸೈನಿಕರು ಕವಾಯತು ಮಾಡಿದರು. ದೋಣಿ ನಿಂತಿತು. ಹಾಗೆ ದೋಣಿ ನಿಂತಾಗ ಸಂಕಮ್ಮ ತುಂಬು ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಮಾಚವ್ವ ಕೋಣೆಯನ್ನು ಸಾರಿಸಿ, ಹಳೆಯ ಸೀರೆಗಳನ್ನು ಒಗೆದು ಮಡಿಸಿಟ್ಟುಕೊಂಡು, ದಿನವೂ ಹೊಳೆಯ ದಡಕ್ಕೆ ಹೋಗಿ ಬರುತ್ತಿದ್ದಳು.

ಮಂತ್ರಿ ಅವಳ ಮನೆಗೆ ಬಂದದ್ದು ಅಂಥದೊಂದು ದಿನ.

“ಮಾಚವ್ವನವರೇ, ದೇಶ ಈಗ ನಿಮ್ಮ ಬೆರಳ ತುದಿಯಲ್ಲಿ ನಿಂತಿದೆ.”

“ಕೂತ್ಕೊಳ್ಳೋಕೆ ಹೇಳಿ ಸ್ವಾಮಿ,” ಎಂದ ಕಲ್ಲಯ್ಯ ಉಳಿಯಿಂದ ತಲೆಯೆತ್ತದೆ. “ಬೆರಳ ತುದೀಲಿ ಎಷ್ಟು ಹೊತ್ತು ಅಂತ ನಿಲ್ಲುತ್ತೆ ಪಾಪ.”

ಮಂತ್ರಿ ನಗಲಿಲ್ಲ. ಅವನು ಮಾತನಾಡುವಾಗ ರೆಪ್ಪೆ ಬಡಿಯುವುದಿಲ್ಲ ಎಂಬುದನ್ನು ಮಾಚವ್ವ ಆಗ ಗಮನಿಸಿದಳು. “ಗೋದಾಮಿನ ತುಂಬ ಬೊಂಬೆಗಳು ಕುರುಡಾಗಿ ನಿಂತಿವೆ. ನೀವು ಒಂದೊಂದಕ್ಕೂ ಹೊಲ ಹುಡುಕಿಕೊಂಡು ಹೋದರೆ ಗಿರಾಕಿ ಬೇರೆ ಅಂಗಡಿ ನೋಡಿಕೊಳ್ಳುತ್ತಾನೆ. ಎಲ್ಲಕ್ಕೂ ಇಲ್ಲಿಯೇ ಕಣ್ಣು ಬರೆದು ಕಳಿಸಿ.”

“ಎದುರಿಗೆ ಮನೆಯವರು ಬೇಕು ಸ್ವಾಮಿ. ಇಲ್ಲದಿದ್ದರೆ ಬೊಂಬೆ ಯಾರದ್ದಾಯಿತು?”

“ಸರ್ಕಾರದ್ದು.”

ಮಾಚವ್ವ ಮಡಿಸಿಟ್ಟ ಹಳೆಯ ಸೀರೆಗಳ ಕಡೆಗೆ ನೋಡಿದಳು. ಅನಂತರ, “ದೋಣಿ ಬಿಡಿಸುತ್ತೀರಾ?” ಎಂದಳು.

“ಸರಕು ದಡ ಸೇರಿದ ದಿನವೇ. ಮೊದಲ ಪ್ರಯಾಣಿಕಳು ನಿಮ್ಮ ಮಗಳು. ಚಿತ್ರ ಬರೆಯುವವರನ್ನೂ ಕರೆಸುತ್ತೇನೆ.”

ಉಪಾಯವನ್ನು ಹುಡುಕಿದವಳು ಮಾಚವ್ವನೇ. ಇದನ್ನು ಅವಳಿಗೆ ಮುಂದೆ ಯಾರ ಮೇಲೂ ಹೊರಿಸಲಾಗಲಿಲ್ಲ. ಮನುಷ್ಯರನ್ನೆಲ್ಲ ಗೋದಾಮಿನಿಂದ ಹೊರಗೆ ಕಳಿಸುವುದು. ಬೊಂಬೆಗಳನ್ನು ಎರಡು ಸಾಲಾಗಿ ಎದುರುಬದುರು ನಿಲ್ಲಿಸುವುದು. ತಾನು ಸಾಲುಗಳ ಹಿಂದೆ ಗೋಡೆಯನ್ನು ಒತ್ತಿಕೊಂಡು ನಡೆಯುತ್ತ ಬರೆದು ಮುಗಿಸುವುದು. ಕಣ್ಣಿಗೆ ಯಾರೂ ಬೀಳದ ಬೊಂಬೆ ಯಾರದೂ ಆಗಿರುವುದಿಲ್ಲ. ಆಮೇಲೆ ಬೇಕಾದವರು ತಮ್ಮದಾಗಿಸಿಕೊಳ್ಳಲಿ.

“ಎದುರಿಗೆ ಯಾರಿರ್ತಾರೆ?” ಎಂದು ಕೇಳಿದ ಕಲ್ಲಯ್ಯ.

“ಯಾರೂ ಇರಲ್ಲ.”

“ಬೊಂಬೆ ಇರುತ್ತಲ್ಲ.”

“ಬೊಂಬೆ ಅಂದ್ರೆ ಮರ. ಮರ ಯಾರೋ ಒಬ್ಬರು ಹೇಗಾಗುತ್ತೆ?”

“ನಾನು ಕೆತ್ತಿದ್ದು ಮರ. ನೀನು ಕಣ್ಣು ಬರೆದ ಮೇಲೂ ಅದು ಮರಾನೇ ಆದ್ರೆ, ಇಷ್ಟು ವರ್ಷ ಊರೂರು ತಿರುಗಿದ್ದು ಯಾತಕ್ಕೆ?”

“ನಿಮ್ಮ ಮಗಳು ಆ ದಡದಲ್ಲಿ ಒಬ್ಬಳೇ ಹೆರಬೇಕು ಅಂತಿದ್ರೆ ಹೇಳಿ, ಬಿಟ್ಟುಬಿಡ್ತೀನಿ.”

ಕಲ್ಲಯ್ಯ ಮತ್ತೆ ಉಳಿಯ ಮೇಲೆ ತಲೆ ಬಗ್ಗಿಸಿದ.

ಮೊದಲ ಸಾಲು ಮುಗಿಯುವವರೆಗೆ ಗೋದಾಮು ಬರಿಯ ಗೋದಾಮಾಗಿತ್ತು. ಎರಡನೆಯ ಸಾಲಿನ ಕೊನೆಯ ಬೊಂಬೆಗೆ ಕಣ್ಣು ಬರೆಯುತ್ತಿದ್ದಾಗ ಮಾಚವ್ವನಿಗೆ ಏನೋ ಬದಲಾದಂತೆ ಅನ್ನಿಸಿತು. ಸದ್ದಾಗಿರಲಿಲ್ಲ. ಇದ್ದ ಸದ್ದೇ ನಿಂತಿತ್ತು: ಮಾಡಿನ ಪಾರಿವಾಳಗಳು ಗುಟುರು ಹಾಕುವುದನ್ನು ಬಿಟ್ಟಿದ್ದವು. ಒಬ್ಬರನ್ನೊಬ್ಬರು ಬಹಳ ಕಾಲದಿಂದ ಹುಡುಕುತ್ತಿದ್ದವರು ಸೇರಿದ ಮನೆಗೆ ಹೇಳದೆ ಕೇಳದೆ ನುಗ್ಗಿದವಳಂತೆ ಅವಳಿಗೆ ಮುಜುಗರವಾಯಿತು. ಅವಳು ಭರಣಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಗೋಡೆಯ ಬುಡದಲ್ಲಿ ಅಂಬೆಗಾಲಿಡುತ್ತ ಹೊರಗೆ ಬಂದಳು.

ಬೊಂಬೆಗಳು ಎರಡೂ ದಡಗಳಲ್ಲಿ, ಹೊಳೆಯ ಕಡೆಗೆ ಮುಖ ಮಾಡಿ ನಿಂತವು. ಜನ ಪಟಾಕಿ ಹೊಡೆದರು. ಆ ವಾರದಲ್ಲೇ ಈಚೆಯ ಸೈನಿಕನೊಬ್ಬ ಸಂಜೆಯ ಕಾವಲಿನ ಬೇಸರಕ್ಕೆ ಆಚೆ ದಡದ ಬೊಂಬೆಯೊಂದಕ್ಕೆ ಕಲ್ಲು ಬೀಸಿದ. ಗುರಿ ತಪ್ಪಲಿಲ್ಲ, ಬೊಂಬೆಯ ಕಿವಿ ಚೂರಾಯಿತು. ಬೆಳಿಗ್ಗೆ ಅವನು ಸಿಕ್ಕ. ಸಿಕ್ಕದ್ದು ಈಚೆ ದಡದಲ್ಲಿ, ಈಚೆ ಬೊಂಬೆಯ ಪಾದದ ಬಳಿ. ಮುಖ ಬೆನ್ನಿನ ಕಡೆಗಿತ್ತು.

“ಕಲ್ಲು ಬಿದ್ದಿದ್ದು ಅವರ ಬೊಂಬೆಗೆ,” ಎಂದ ಕಲ್ಲಯ್ಯ. “ಕುತ್ತಿಗೆ ತಿರುಚಿದ್ದು ನಮ್ಮದು.”

ಮಾಚವ್ವ ಅರಮನೆಗೆ ಓಡಿದಳು. ಬೊಂಬೆಗಳು ಮೊದಲು ಕಂಡದ್ದು ಬೊಂಬೆಗಳನ್ನು. ಆದ್ದರಿಂದ ಅವು ಕಾಯುವುದು ಬೊಂಬೆಗಳನ್ನು. ಬರೆದ ಕಣ್ಣನ್ನು ಅಳಿಸುವ ವಿದ್ಯೆ ತನಗೆ ಗೊತ್ತಿಲ್ಲ. ಇಷ್ಟನ್ನೂ ಅವಳು ಉಸಿರು ಬಿಡದೆ ಹೇಳಿದಳು.

ಮಂತ್ರಿ ಗಮನವಿಟ್ಟು ಕೇಳಿದ. “ಅಂದರೆ ನಮ್ಮ ಬೊಂಬೆ ಅವರ ಬೊಂಬೆಯನ್ನೂ, ಅವರದ್ದು ನಮ್ಮದನ್ನೂ ಕಾಯುತ್ತಿವೆ. ಮಾಚವ್ವನವರೇ, ಇದಕ್ಕೇ ಸಹಕಾರ ಅನ್ನುವುದು.”

“ಮನುಷ್ಯರನ್ನು ಕಾಯುವವರು ಯಾರು?”

“ಆ ಕೊರತೆ ಇದೆ ಎಂದಾದರೆ ಇನ್ನಷ್ಟು ಬೊಂಬೆಗಳು ಬೇಕಾಗುತ್ತವೆ,” ಎಂದು ಅವನು ಪಕ್ಕದವನಿಗೆ ಗುರುತು ಹಾಕಿಕೊಳ್ಳಲು ಹೇಳಿದ. ಸೈನಿಕನ ಸುದ್ದಿ ದೂರದ ರಾಜ್ಯಗಳನ್ನು ತಲುಪಿತು. ಬೊಂಬೆಯ ಕಾರ್ಯದಕ್ಷತೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇರಲಿಲ್ಲ. ಬೇಡಿಕೆ ಹೆಚ್ಚಿತು.

“ಹಾಗಾದರೆ ದೋಣಿ ಬೇಡ ಸ್ವಾಮಿ,” ಎಂದಳು ಮಾಚವ್ವ. “ಹೊಳೆ ಅವುಗಳ ನಡುವೆ ಇದೆ. ಅಡ್ಡ ಬಂದವರನ್ನು ಅವು ಬಿಡುವುದಿಲ್ಲ.”

“ಬೆಳಕಿನಲ್ಲಿ ಅವು ಮರ ತಾನೇ? ಮಧ್ಯಾಹ್ನವೇ ದಾಟಿಸುತ್ತೇವೆ. ಎರಡೂ ದೇಶಗಳು ಕಾಯುತ್ತಿವೆ, ಈಗ ನಿಲ್ಲಿಸಲಾಗುವುದಿಲ್ಲ.”

ಸಮಾರಂಭ ಮಧ್ಯಾಹ್ನವೇ ಶುರುವಾಯಿತು. ಸಂಕಮ್ಮ ಆಚೆ ದಡದಲ್ಲಿ, ಹೂವಿನ ಹಾರ ಸುತ್ತಿದ ದೋಣಿಯಲ್ಲಿ, ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತಿದ್ದಳು. ಅವರ ಮಂತ್ರಿ ಮಾತನಾಡಿದ. ನಮ್ಮ ಮಂತ್ರಿ ಮಾತನಾಡಿದ. ಅವರ ಮಂತ್ರಿಗೆ ಹೇಳಲು ಇನ್ನೂ ಸ್ವಲ್ಪ ಉಳಿದಿತ್ತು. ಒಂದು ದಡದ ಗೌರವಕ್ಕೆ ಇನ್ನೊಂದು ದಡ ಕಡಿಮೆ ಬೀಳಬಾರದಾದ್ದರಿಂದ ನಮ್ಮವನೂ ಮತ್ತೆ ಎದ್ದ. “ಸ್ವಾಮಿ, ಹೊತ್ತು ಮುಳುಗ್ತಿದೆ!” ಎಂದು ಮಾಚವ್ವ ಕೂಗಿದಳು. ಜನ ಅದನ್ನು ಜಯಕಾರವೆಂದು ತಿಳಿದು ಚಪ್ಪಾಳೆ ತಟ್ಟಿದರು. ದೋಣಿ ದಡ ಬಿಟ್ಟಾಗ ಹೊಳೆಯ ನೀರು ಆಗಲೇ ಕಪ್ಪಾಗಿತ್ತು.

ನಡುಹೊಳೆಯಲ್ಲಿ ಅದು ಎರಡು ಸಾಲುಗಳ ನಡುವೆ ಬಂತು. ಎರಡೂ ದಡಗಳಲ್ಲಿ ಕಬ್ಬಿಣದ ಕೀಲುಗಳು ಒಮ್ಮೆಲೇ ಕಿರುಗುಟ್ಟಿದವು. ಅಂಬಿಗ ಏನದು ಎಂದು ಕೇಳಲು ಬಾಯಿ ತೆರೆದ. ಮರುಕ್ಷಣ ಅವನು ಹುಟ್ಟು ಹಾಕುತ್ತಿರಲಿಲ್ಲ, ಮುಂದಕ್ಕೆ ನೋಡುತ್ತಲೂ ಇರಲಿಲ್ಲ.

“ಸಂಕೀ!” ಎಂದು ಮಾಚವ್ವ ಕಿರುಚಿದಳು. “ಬೊಂಬೆ ಆಗೇ! ಬೊಂಬೆ!”

ಸಂಕಮ್ಮ ಆ ಕೇರಿಯಲ್ಲಿ ಬೆಳೆದವಳು. ಅಲುಗದೆ ನಿಂತು ಬೊಂಬೆಯಾಗುವ ಆಟದಲ್ಲಿ ಚಿಕ್ಕಂದಿನಲ್ಲಿ ಅವಳನ್ನು ಗೆದ್ದವರಿರಲಿಲ್ಲ. ಅವಳು ಎದ್ದು ನಿಂತಳು. ತೋಳುಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಕಾಡಿಗೆ ಹಚ್ಚಿದ ಕಣ್ಣುಗಳನ್ನು ಅಗಲಿಸಿ, ಉಸಿರನ್ನು ಒಳಗೇ ಹಿಡಿದಳು. ಕೀಲುಗಳ ಸದ್ದು ನಿಂತಿತು. ತಮ್ಮವರಲ್ಲಿ ಒಬ್ಬಳು ನೀರಿನ ಮೇಲೆ ಹೋಗುತ್ತಿರುವುದನ್ನು ಎರಡೂ ಸಾಲುಗಳು ಕಾಯುತ್ತ ನಿಂತವು. ಹುಟ್ಟಿಲ್ಲದ ದೋಣಿ ತೇಲುತ್ತ ಬಂದು ಈಚೆ ದಡಕ್ಕೆ ತಾಕಿತು.

ದಡದಲ್ಲಿ ಓಡಿದವರು ಬೆಳಿಗ್ಗೆ ಸಿಕ್ಕರು. ಓಡದವರು ಉಳಿದರು. ಮಾಚವ್ವ ಗಂಡನ ಹಿಂದೆ ಅಡಗಿ, “ಕಣ್ಣು ಮುಚ್ಚಿ” ಎಂದು, ಅವನ ಮುಚ್ಚಿದ ರೆಪ್ಪೆಗಳ ಮೇಲೆ ತೆರೆದ ಕಣ್ಣುಗಳನ್ನು ಬರೆದಳು. ಮಂತ್ರಿಗೆ ಕಾಡಿಗೆ ಬೇಕಾಗಲಿಲ್ಲ. ಸಂಕಮ್ಮನಿಗೆ ಬೆಳಗಿನ ಜಾವ ಹೆರಿಗೆಯಾಯಿತು. ಅವಳು ಸೀರೆಯ ಸುರುಳಿಯನ್ನು ಕಚ್ಚಿಕೊಂಡು ಹೆತ್ತಳು. ಕೂಸು ಅಳಲಿಲ್ಲ.

ಅಂದಿನಿಂದ ಎರಡೂ ರಾಜ್ಯಗಳಲ್ಲಿ ಅದೇ ಪದ್ಧತಿಯಾಯಿತು. ದೀಪ ಹಚ್ಚುವ ಮೊದಲು ಜನ ತಮ್ಮ ತಮ್ಮ ಬಾಗಿಲಲ್ಲಿ ಸಾಲಾಗಿ ನಿಲ್ಲುತ್ತಾರೆ, ರೆಪ್ಪೆಗಳ ಮೇಲೆ ಕಣ್ಣು ಬರೆಸಿಕೊಳ್ಳುತ್ತಾರೆ, ಬೆಳಗಾಗುವವರೆಗೆ ಅಲುಗುವುದಿಲ್ಲ. ಕಳ್ಳತನವಿಲ್ಲ, ಜಗಳವಿಲ್ಲ, ಇರುಳಿನಲ್ಲಿ ಮಕ್ಕಳ ಅಳು ಇಲ್ಲ. ಇಂಥ ಶಿಸ್ತನ್ನು ಕಲಿಯಲು ಬೇರೆ ರಾಜ್ಯಗಳ ನಿಯೋಗಗಳು ಬಂದು ಹೋಗುತ್ತಿವೆ. ಹೋಗುವಾಗ ಬೊಂಬೆಗಳನ್ನು ಕೊಳ್ಳುತ್ತವೆ.

ಮಾಚವ್ವ ಮಾತ್ರ ಬಹಳ ದಿನ ಕಣ್ಣು ಬರೆಸಿಕೊಳ್ಳಲಿಲ್ಲ. ಊರವರಿಗೆಲ್ಲ ಬರೆದು ಮುಗಿಸಿ, ಕಿಟಕಿಯಿಲ್ಲದ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು. ಯಾರಿಗೂ ವಿನಾಯಿತಿಯಿಲ್ಲ ಎಂಬ ಆಜ್ಞೆ ಬಂದ ಸಂಜೆ ಅವಳೂ ಅಂಗಳಕ್ಕೆ ಬಂದು ನಿಂತಳು. ಎದುರಿಗೆ ಕಲ್ಲಯ್ಯ ಆಗಲೇ ನಿಂತಿದ್ದ, ತೋಳಿನಲ್ಲಿ ಮೊಮ್ಮಗು. ಇಬ್ಬರ ರೆಪ್ಪೆಗಳ ಮೇಲೂ ಕಾಡಿಗೆ ಒಣಗಿತ್ತು. ಮಾಚವ್ವ ಕಣ್ಣು ಮುಚ್ಚಿದಳು. ಸಂಕಮ್ಮ ಅವಳ ಹಿಂದೆ ಮಣೆಯ ಮೇಲೆ ಹತ್ತಿ, ಎರಡೂ ತೋಳುಗಳಿಂದ ತಾಯಿಯ ತಲೆಯನ್ನು ಬಳಸಿದಳು.

“ಸಂಕೀ, ಎದುರಿಗೆ ಯಾರಿದ್ದಾರೆ?”

ಮಗಳ ಬೆರಳು ರೆಪ್ಪೆಯ ಮೇಲೆ ಒಂದು ಗಳಿಗೆ ತಡೆಯಿತು.

“ಯಾರೂ ಇಲ್ಲವ್ವ, ಬೊಂಬೆಗಳಿವೆ ಅಷ್ಟೆ,” ಎಂದಳು. “ಕಣ್ಣು ಬಿಡಬೇಡ, ಇನ್ನೂ ಹಸಿ ಇದೆ.”